ಅವಳು ಮೊದಲು ಅವನಿಗೆ ಹೇಳುತ್ತಾಳೆ

ನಮ್ಮ ಮನೆಯ ಕೋಳಿ ಮೊಟ್ಟೆ ಇಟ್ಟರೆ ಆ ಸುದ್ದಿ ಮೊದಲು ಯೇಸುಸ್ವಾಮಿಗೆ ಗೊತ್ತಾಗುತ್ತದೆ, ಆಮೇಲೆ ನನಗೆ. ಇದನ್ನು ನಾನು ಭಕ್ತಿಯಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ.

ಸಂಜೆ ನನ್ನ ಹೆಂಡತಿ ರೆಜಿನಾ ಒಲೆಯ ಮೇಲೆ ಅಕ್ಕಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಪಟದ ಮುಂದೆ ದೀಪ ಹಚ್ಚಿ ನಿಲ್ಲುತ್ತಾಳೆ. ಪ್ರಾರ್ಥನೆ ಬೇಗ ಮುಗಿಯುತ್ತದೆ. ಅಷ್ಟನ್ನು ನಮ್ಮವರೆಲ್ಲ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅವಳದ್ದು ಆಮೇಲೆ ಶುರುವಾಗುತ್ತದೆ. ಬಾವಿಯ ಹಗ್ಗ ಸವೆದದ್ದು, ಆಚೆ ಮನೆಯವಳು ನೋಡಿಯೂ ನೋಡದ ಹಾಗೆ ಹೋದದ್ದು, ಬಸಳೆ ಬಳ್ಳಿಗೆ ಹುಳ ಬಿದ್ದದ್ದು, ಸೊಂಟದ ಎಡಗಡೆ ಹಿಡಿದುಕೊಂಡದ್ದು, ಎಲ್ಲವನ್ನೂ ಒಂದಾದ ಮೇಲೆ ಒಂದರಂತೆ, ಅವಸರವಿಲ್ಲದೆ, ಎದುರಿಗೆ ಮಣೆಯ ಮೇಲೆ ಕೂತ ನೆಂಟನಿಗೆ ಹೇಳಿದ ಹಾಗೆ ಹೇಳುತ್ತಾಳೆ. ಅಷ್ಟರಲ್ಲಿ ಅನ್ನ ಕುದಿದು ಗಂಜಿ ಒಲೆಗೆ ಉಕ್ಕುತ್ತದೆ. ನಾನು ಕೆಲಸದಿಂದ ಬಂದು ಹಿತ್ತಿಲಲ್ಲಿ ಕಿವಿಯೊಳಗಿನ ಮರದ ಹುಡಿ ತೊಳೆಯುತ್ತ ಇದನ್ನೆಲ್ಲ ಅರ್ಧಂಬರ್ಧ ಕೇಳಿಸಿಕೊಳ್ಳುತ್ತೇನೆ. ಊಟಕ್ಕೆ ಕೂತು, "ಎಂತ ಸುದ್ದಿ?" ಎಂದರೆ, "ಎಂತದೂ ಇಲ್ಲ," ಎನ್ನುತ್ತಾಳೆ. ನಿಜ, ಇರುವುದಿಲ್ಲ. ಇದ್ದದ್ದೆಲ್ಲ ಖರ್ಚಾಗಿ ಹೋಗಿರುತ್ತದೆ. ನನಗೆ ಉಳಿಯುವುದು ಅನ್ನ, ಸಾರು, ಮತ್ತು ಗಂಜಿ ಸುಟ್ಟ ವಾಸನೆ.

ನಾನು ಯಲ್ಲಾಪುರದವನು, ಮರ ಕೊಯ್ಯುವವನು. ನಾಲ್ಕನೆಯ ಇಯತ್ತೆಯ ತನಕ ಶಾಲೆಗೆ ಹೋದೆ. ಮುಂದೆ ಹೋಗಲಿಲ್ಲ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಮಾಸ್ತರರಂತೂ ಮಾಡಿಕೊಳ್ಳಲೇ ಇಲ್ಲ. ಮಾತನ್ನು ಸುತ್ತಿ ಬಳಸಿ ತರಲು ನನಗೆ ಬರುವುದಿಲ್ಲ, ತರುವವರನ್ನು ಕಂಡರೆ ತಾಳ್ಮೆಯೂ ಇಲ್ಲ. ನಮ್ಮ ಅಜ್ಜ ಘಟ್ಟದ ಕೆಳಗಿನಿಂದ ಗರಗಸ ಹೊತ್ತುಕೊಂಡು ಅರಬೈಲ್ ಘಟ್ಟ ಹತ್ತಿ ಬಂದವ, ಹಾಗಾಗಿ ನಮ್ಮದು ಕೊಂಕಣಿ ಮನೆ. ರೆಜಿನಾ ಶಿರಸಿಯ ಪೇಟೆಯಲ್ಲಿ ಬೆಳೆದವಳು, ಅವಳ ಬಾಯಲ್ಲಿ ಕನ್ನಡವೇ ಜಾಸ್ತಿ. ಈಗ ನಮ್ಮ ಮನೆಯಲ್ಲಿ ಕೊಂಕಣಿ ಪ್ರಾರ್ಥನೆಗೆ ಮತ್ತು ಬೈಗುಳಕ್ಕೆ, ಉಳಿದದ್ದಕ್ಕೆಲ್ಲ ಕನ್ನಡ. ಪಟದ ಮುಂದೆ ಅವಳು ಸುದ್ದಿ ಹೇಳುವುದು ಕನ್ನಡದಲ್ಲಿ. ಅದೂ ನನಗೆ ಉರಿಯುತ್ತದೆ. ಕೊಂಕಣಿಯಲ್ಲಿ ಹೇಳಿದರೆ ಅದು ಚರ್ಚಿಗೆ, ನಮ್ಮ ಇಗರ್ಜಿಗೆ, ಸೇರಿದ್ದು ಎಂದು ಸುಮ್ಮನಿರಬಹುದು. ಕನ್ನಡದಲ್ಲಿ ಹೇಳಿದ್ದು ಮನೆಯದ್ದು. ಅಂದರೆ ನನ್ನದು.

ನಮ್ಮ ಕೆಲಸ ನೋಡದವರಿಗಾಗಿ ನಾಲ್ಕು ಮಾತು ಹೇಳಬೇಕು. ಆಳೆತ್ತರದ ಒಂದು ಗುಂಡಿ, ಅದರ ಮೇಲೆ ಅಡ್ಡಕ್ಕೆ ಮಲಗಿಸಿದ ದಿಮ್ಮಿ. ಒಬ್ಬ ದಿಮ್ಮಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಗುಂಡಿಯೊಳಗೆ. ನಡುವೆ ಉದ್ದನೆಯ ಗರಗಸ. ಮೇಲಿನವ ದಿಮ್ಮಿಯ ಮೇಲೆ ಹೊಡೆದ ಕೆಮ್ಮಣ್ಣಿನ ಗೆರೆ ನೋಡಿಕೊಂಡು ಗರಗಸವನ್ನು ನಡೆಸುತ್ತಾನೆ. ಕೆಳಗಿನವನಿಗೆ ಗೆರೆ ಕಾಣುವುದಿಲ್ಲ. ಹುಡಿ ಕಣ್ಣಿಗೆ ಬೀಳುವುದರಿಂದ ತಲೆ ಎತ್ತುವ ಹಾಗೂ ಇಲ್ಲ. ಎಳೆಯುವುದು, ಬಿಡುವುದು, ಎಳೆಯುವುದು, ಅಷ್ಟೇ. ಮೇಲಿನವ ನಂದೊಳ್ಳಿಯ ತಿಮ್ಮಣ್ಣ, ಗದ್ದೆಯ ಕೆಲಸ ಇಲ್ಲದಾಗ ಮರ ಕೊಯ್ಯಲು ಬರುವವ. ಕೆಳಗಿನವ ನಾನು. ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬದಲಾಯಿತು, ನಾನು ಕೆಳಗಿನಿಂದ ಮೇಲಕ್ಕೆ ಬದಲಾಗಲಿಲ್ಲ. ತಿಮ್ಮಣ್ಣನಿಗೆ ಅಲ್ಲಿ ಗಾಳಿ ಇದೆ, ಬೆಳಕಿದೆ, ರಸ್ತೆಯ ಲಾರಿಗಳು ಕಾಣುತ್ತವೆ. ನನಗೆ ತಿಮ್ಮಣ್ಣನ ಹಿಮ್ಮಡಿ ಕಾಣುತ್ತದೆ. ಅವನ ಮೇಲೂ ನನಗೆ ಹೊಟ್ಟೆಕಿಚ್ಚಿದೆ, ಆದರೆ ಅದು ಸಾಧಾರಣ ಜಾತಿಯದ್ದು. ಸಂಜೆ ಮೈ ತೊಳೆದರೆ ಹುಡಿಯ ಜೊತೆ ಹೋಗುತ್ತದೆ. ಮನೆಯದ್ದು ಹೋಗುವುದಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಈ ವಿಷಯವನ್ನು ಅವನ ಹತ್ತಿರ ಬಾಯಿ ಬಿಟ್ಟೆ. ಬಿಡಬಾರದಿತ್ತು. ಅವ ಉಪ್ಪಿನಕಾಯಿಯ ಬೆರಳು ಬಾಯಿಂದ ತೆಗೆದು ನನ್ನನ್ನೇ ನೋಡಿದ.

"ಹೆಂಡ್ತಿ ಬೇರೆ ಗಂಡ್ಸ್ರ ಸಂಗ್ತಿಗೆ ಮಾತಾಡ್ತದೆ ಅಂತ ಸುಟ್ಕಂಬವ್ರ ನಾ ಬೇಕಾದಷ್ಟು ಕಂಡಿದ್ದೆ ಮಾರಾಯಾ," ಎಂದ. "ದೇವ್ರ ಸಂಗ್ತಿಗೆ ಮಾತಾಡ್ತದೆ ಅಂತ ಸುಟ್ಕಂಬಂವ ನೀ ಒಬ್ನೇಯ. ಆ ದೇವ್ರಾದ್ರೂ ಎಂತ ಮಾಡ್ಬೇಕು ಹೇಳು. ಕಿವಿ ಮುಚ್ಕಂಡು ಕೂತ್ಕಂಬೂಕಾಗ್ತದಾ?"

"ನನ್ನ ಹತ್ರ ಎಂತದೂ ಹೇಳೂದಿಲ್ಲ ಅವಳು," ಎಂದೆ.

"ನೀ ಕೇಳ್ತ್ಯಾ?"

"ದಿನಾ ಕೇಳ್ತೆ. ಎಂತ ಸುದ್ದಿ ಅಂತ."

"ಅದು ಕೇಳೂದಲ್ಲ, ಪೋಲೀಸ್ರ ತಪಾಸಣೆ," ಎಂದು ಅವ ಮತ್ತೆ ಊಟಕ್ಕೆ ಕೈ ಹಾಕಿದ. "ಇನ್ನೊಂದು ಹೇಳ್ತೆ ಕೇಳು. ನಮ್ಮನೆದು ಎಲ್ಲಾನೂ ನಂಗೇ ಹೇಳ್ತದೆ. ಒಂದೂ ಬಿಡೂದಿಲ್ಲ. ನಿಮ್ ದೇವ್ರು ಒಪ್ಪೂದಾದ್ರೆ ನಾಳೆಯೇ ಅದ್ನ ನಿಮ್ ಇಗರ್ಜಿಗೆ ಕಳಸ್ತೆ."

ತಿಮ್ಮಣ್ಣನಿಗೆ ತಮಾಷೆ ಸುಲಭ. ಅವನ ದೇವರು ಅವನಿಗೆ ಉತ್ತರ ಕೊಡುತ್ತಾನೆ. ಎಮ್ಮೆ ಕೊಳ್ಳುವುದಿರಲಿ, ಮಗಳ ಸಂಬಂಧ ಇರಲಿ, ಗುಡಿಗೆ ಹೋಗಿ ಪ್ರಸಾದ ಕೇಳುತ್ತಾನೆ. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಆಗಬಹುದು, ಎಡಗಡೆಯಿಂದ ಬಿದ್ದರೆ ಬೇಡ. ಎಡಕ್ಕೆ ಬಿದ್ದರೆ ಏನು ಮಾಡ್ತೀ ಎಂದು ಒಮ್ಮೆ ಕೇಳಿದೆ. "ಇನ್ನೊಂದ್ಸಲ ಕೇಳ್ತೆ," ಎಂದ. ನಮ್ಮಲ್ಲಿ ಹೂ ಬೀಳುವುದಿಲ್ಲ. ನಾವು ಹೇಳಬೇಕು, ಅವನು ಕೇಳಿಸಿಕೊಂಡಿದ್ದಾನೆ ಎಂದು ನಂಬಬೇಕು, ಮನೆಗೆ ಹೋಗಬೇಕು.

ಈ ನಂಬುವ ಕಡೆಯೇ ನನ್ನ ಗಾಡಿ ಕೆಸರಿಗೆ ಇಳಿಯುವುದು. ದೇವರು ನನಗೂ ಇದ್ದಾನೆ. ಹೇಗೆ ಎಂದರೆ ಮಾಮಲೇದಾರರು ಇದ್ದ ಹಾಗೆ. ಇದ್ದಾರೆ, ದೊಡ್ಡವರು, ಎದುರಿಗೆ ಬಂದರೆ ತಲೆಯ ವಸ್ತ್ರ ತೆಗೆಯಬೇಕು, ನನ್ನ ಕೆಲಸ ಅವರಿಂದ ಆಗುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ರೆಜಿನಾಗೆ ಹಾಗಲ್ಲ. ಅವಳಿಗೆ ಅವನು ತವರಿನ ಕಡೆಯವನು. ಮಲಗುವ ಮೊದಲು, "ನಾಳೆದು ನೀನೇ ನೋಡ್ಕ," ಎಂದು ಪಟದ ಕಡೆ ಒಂದು ಮಾತು ಎಸೆದು, ಶಿಲುಬೆಯ ಗುರುತು ಮಾಡುವ ಕೈ ಎಡ ಹೆಗಲಿನಿಂದ ಬಲ ಹೆಗಲಿಗೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾಳೆ. ಅವಳು ಎಸೆದ ಆ ನಾಳೆಯನ್ನು ನಾನು ಎದೆಯ ಮೇಲೆ ಇಟ್ಟುಕೊಂಡು ಹಂಚು ನೋಡುತ್ತ ಮಲಗುತ್ತೇನೆ. ಒಂದೇ ಚಾಪೆ, ಒಂದೇ ಕಂಬಳಿ. ಅವಳ ಮಗ್ಗುಲಿಗೆ ನಿದ್ದೆ, ನನ್ನ ಮಗ್ಗುಲಿಗೆ ಚಿಂತೆ.

ಮದುವೆಯಾದ ಹೊಸದರಲ್ಲಿ ಅಂಕೋಲೆಯ ಅವಳ ಚಿಕ್ಕಮ್ಮನನ್ನು ನೋಡಲು ಮರದ ಲಾರಿಯಲ್ಲಿ ಘಟ್ಟ ಇಳಿದೆವು. ಅರಬೈಲ್ ಘಟ್ಟವನ್ನು ಹೊರೆ ಹೊತ್ತ ಲಾರಿಯಲ್ಲಿ ಇಳಿದವರಿಗೆ ನಾನು ವಿವರಿಸಬೇಕಿಲ್ಲ, ಇಳಿಯದವರಿಗೆ ವಿವರಿಸಿ ಉಪಯೋಗವಿಲ್ಲ. ತಿರುವಿಗೊಮ್ಮೆ ಕೆಳಗಿನ ಕಣಿವೆ ಬಾಗಿಲ ತನಕ ಬಂದು ಹೋಗುತ್ತಿತ್ತು. ನಾನು ಎರಡೂ ಕೈಯಲ್ಲಿ ಸೀಟು ಹಿಡಿದು, ನನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಘಟ್ಟದುದ್ದಕ್ಕೂ ತುಳಿದೆ. ರೆಜಿನಾ ನನ್ನ ಹೆಗಲಿಗೆ ತಲೆ ಕೊಟ್ಟು ಬಾಯಿ ತೆರೆದು ಮಲಗಿದ್ದಳು. ಕೆಳಗೆ ಇಳಿದಾಗ ನನ್ನ ಮೀನಖಂಡ ಕಲ್ಲಾಗಿತ್ತು. ಕುಂಟುವುದು ಯಾಕೆಂದು ಅವಳು ಕೇಳಿದಳು, ಹೇಳಿದೆ. "ಡ್ರೈವರ್ ಇದ್ದಿದ್ನಲ್ಲ," ಎಂದಳು. "ನೀವೂ ಎಂತಕೆ ಓಡ್ಸೂಕೆ ಹೋದ್ರಿ?" ಆ ಡ್ರೈವರನ ಗುರುತು ಅವಳಿಗೆ ಇರಲಿಲ್ಲ. ಅವನ ಬಾಯಿಯ ಸಾರಾಯಿ ವಾಸನೆ ನನಗೆ ಬಂದಿತ್ತು, ಅವಳಿಗೆ ಬಂದಿರಲಿಲ್ಲ.

ನನ್ನ ಈ ಕಾಯಿಲೆಗೆ ಮದ್ದು ಕೇಳದೆ ಇರಲಿಲ್ಲ. ಪಾದ್ರಿಗಳು ಪೂಜೆಗೆ ಬಂದಾಗ ತಪ್ಪೊಪ್ಪಿಗೆಯಲ್ಲಿ ಮೊಣಕಾಲೂರಿ, ಹೊಟ್ಟೆಕಿಚ್ಚು ಇದೆ ಎಂದೆ. ಯಾರ ಮೇಲೆ ಎಂದು ಕೇಳಿದರು. ಹೇಳಿದೆ. ನಮ್ಮಿಬ್ಬರ ನಡುವಿನ ಜಾಲರಿಯ ಆಚೆಯಿಂದ ಗುರುಗುರು ಸದ್ದು ಬಂತು. ಕೆಮ್ಮು ಬಂದಿರಬೇಕು ಎಂದುಕೊಂಡೆ. ನಗು ಎಂದು ಆಮೇಲೆ ತಿಳಿಯಿತು. "ಇನಾಸ, ದೇವರನ್ನು ನಂಬು," ಎಂದರು. ಇದು ಹಸಿದವನಿಗೆ ಉಣ್ಣು ಎಂದ ಹಾಗಾಯಿತು. ಬಟ್ಟಲು ಎಲ್ಲಿದೆ ಎಂದು ಅವರು ಹೇಳಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಿಮ್ಮ ಜೊತೆ ನಗುತ್ತಿದ್ದೆ. ಇದರ ಅಡಿಯಲ್ಲಿ ಒಂದು ಮಗು ಇದೆ.

ಸಪ್ಟೆಂಬರದಲ್ಲಿ ಮರಿಯಾ ತಾಯಿ ಹುಟ್ಟಿದ ಹಬ್ಬ ಬರುತ್ತದೆ. ಆ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿಕೊಂಡು ಮನೆಗೆ ತರುತ್ತೇವೆ. ಮನೆಯ ಯಜಮಾನ ಕಾಳು ಸುಲಿದು, ಬೆಲ್ಲ ಹಾಕಿದ ಕಾಯಿಹಾಲಿಗೆ ಬಿಟ್ಟು, ಮನೆಯವರೆಲ್ಲರಿಗೂ ಎಲೆಯ ಮೇಲೆ ಪ್ರತ್ಯೇಕ ಪಾಲು ಹಾಕುತ್ತಾನೆ. ಊರಲ್ಲಿ ಇಲ್ಲದವರಿಗೂ ಪಾಲಿದೆ. ಅವರದ್ದು ಒಣ ಕಾಳು. ಅದನ್ನು ಎಲೆಯಲ್ಲಿ ಕಟ್ಟಿ, ಅವರು ಇದ್ದಲ್ಲಿಗೆ ಅಂಚೆಯಲ್ಲೋ ಹೋಗುವವರ ಕೈಯಲ್ಲೋ ಕಳಿಸುತ್ತಾರೆ. ಯಾರು ಮನೆಯವರು, ಯಾರು ಹೊರಗಿನವರು ಎನ್ನುವುದಕ್ಕೆ ನಮ್ಮಲ್ಲಿ ಬೇರೆ ದಾಖಲೆ ಇಲ್ಲ, ಆ ಎಲೆಗಳೇ ದಾಖಲೆ. ಅಪ್ಪ ಸತ್ತ ಮೇಲೆ ಪಾಲು ಹಾಕುವ ಕೆಲಸ ನನ್ನದು. ನನ್ನದೊಂದು, ರೆಜಿನಾಳದ್ದೊಂದು, ಮುಂಬೈಯ ಬಂದರಿನಲ್ಲಿ ಕೆಲಸ ಮಾಡುವ ತಮ್ಮನದ್ದೊಂದು.

ಎರಡು ವರ್ಷದ ಹಿಂದೆ ಹಬ್ಬದ ದಿನ ರೆಜಿನಾ ನಾಚಿಕೊಂಡು, ಇನ್ನೊಂದು ಎಲೆ ಹಾಕಿ ಎಂದಳು. ಅವಳಿಗೆ ಆಗ ಹೊಟ್ಟೆ ಕಾಣಿಸಲು ಶುರುವಾಗಿತ್ತು. ನಾನು ಹಿಗ್ಗಿ ಎಲ್ಲರಿಗಿಂತ ದೊಡ್ಡ ಎಲೆಯನ್ನೇ ಹಾಕಿದೆ. ಆ ಕಾಳನ್ನು ಅವಳು ಒಣಗಿಸಿ ಕಟ್ಟಿ ಪಟದ ಹಿಂದೆ ಇಟ್ಟಳು. ಡಿಸೆಂಬರದಲ್ಲಿ, ಯೇಸು ಹುಟ್ಟಿದ ನತಾಲ ಹಬ್ಬದ ಹತ್ತಿರ, ಗಂಡುಮಗು ಹುಟ್ಟಿತು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನಕ್ಕೆ ಹೋಯಿತು. ಪೆಟ್ಟಿಗೆಗೆ ಹಲಗೆಯನ್ನು ತಿಮ್ಮಣ್ಣ ಆರಿಸಿದ, ಒಳ್ಳೆಯ ಸಾಗುವಾನಿ, ನಾವೇ ಕೊಯ್ದದ್ದು. ಆ ದಿನ ಅವ ಒಂದೂ ತಮಾಷೆ ಮಾಡಲಿಲ್ಲ. ಮುಚ್ಚುವ ಮೊದಲು ರೆಜಿನಾ ಗೋಡೆ ಹಿಡಿದುಕೊಂಡು ಬಂದು, ಪಟದ ಹಿಂದಿನ ಎಲೆಯ ಕಟ್ಟನ್ನು ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು. "ಅವ್ನ ಪಾಲು," ಎಂದಳು.

ಅಂದು ಸಂಜೆ ದೀಪ ಹಚ್ಚುವುದಿಲ್ಲ ಎಂದು ನಾನು ತಿಳಿದಿದ್ದೆ. ಹಚ್ಚಿದಳು. ನಿಲ್ಲಲು ಬಲವಿಲ್ಲದೆ ಪಟದ ಮುಂದೆ ಕೂತು, ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದಳು. ಬೈದಳೋ, ಅತ್ತಳೋ, ನನಗೆ ಕೇಳದ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಸತ್ತದ್ದು ನನ್ನ ಮಗನೂ ಹೌದು. ಕೊಟ್ಟು ಕಿತ್ತುಕೊಂಡವನ ಹತ್ತಿರ ಅಳಲು ಹೋದಳು. ಏನನ್ನೂ ಕಿತ್ತುಕೊಳ್ಳದ ನಾನು ಬಾಗಿಲಲ್ಲಿ ಕಂಬದ ಹಾಗೆ ಉಳಿದೆ. ನಿಮಗೆ ಕೋಳಿಮೊಟ್ಟೆಯ ಕತೆ ಹೇಳಿದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಮೊಟ್ಟೆಯಿಂದಲ್ಲ, ಆ ಸಂಜೆಯಿಂದ.

ಈ ವರ್ಷದ ಹಬ್ಬಕ್ಕೆ ಅವಳು ಮತ್ತೆ ಬಸುರಾಗಿದ್ದಳು. ಅದರ ಬಗ್ಗೆ ನಾನು ಮಾತೇ ಎತ್ತುತ್ತಿರಲಿಲ್ಲ. ಹೆಸರು ಹೇಳಿದರೆ, ತೊಟ್ಟಿಲು ಎಂದರೆ, ಎಲ್ಲಿಯೋ ಇದ್ದ ಕೆಟ್ಟದ್ದಕ್ಕೆ ನಮ್ಮ ಮನೆಯ ದಾರಿ ತೋರಿಸಿದ ಹಾಗೆ ಎಂದು ಒಳಗೊಳಗೇ ಹೆದರಿಕೆ. ತೆನೆ ತಂದು, ಕಾಳು ಸುಲಿದು, ಮೂರು ಎಲೆ ಹಾಕಿದೆ.

"ಇನ್ನೊಂದು?" ಎಂದಳು ರೆಜಿನಾ.

"ಮೂರು ಸಾಕು."

"ನಾಲ್ಕು ಜನ ಇದ್ದೇವಲ್ಲ."

"ಹುಟ್ಲಿ. ಹುಟ್ಟಿದ ಮೇಲೆ ನೋಡ್ವ."

"ನಿಮ್ಮ ತಮ್ಮ ಊರಿಗೆ ಮುಖ ತೋರಿಸ್ದೆ ಎಷ್ಟು ವರ್ಷ ಆಯ್ತು, ಒಂದು ಕಾಗದ ಇಲ್ಲ, ಅವ್ನಿಗೆ ಪಾಲದೆ. ಇದು ದಿನಾ ಒದೀತದೆ, ಇದಕ್ಕಿಲ್ವಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. "ಹೋದ ಸಲನೂ ಹಾಕಿದ್ದೆನಲ್ಲ," ಎಂದೆ. "ಎಂತ ಆಯ್ತು?"

ಬಾಯಿಂದ ಹೋದ ಮೇಲೆ ಹಿಂದೆ ಎಳೆದುಕೊಳ್ಳಲು ಅದು ಗರಗಸವಲ್ಲ. ಅವಳು ತಾನೇ ಎದ್ದು ಹಿತ್ತಿಲಿಗೆ ಹೋಗಿ ಬಾಳೆಯ ಒಂದು ಚೂರು ಎಲೆ ತಂದು, ಒರೆಸಿ, ಮೂರರ ಪಕ್ಕದಲ್ಲಿ ಇಟ್ಟಳು.

"ಪಾಲು ಹಾಕೂದು ಅದು ಉಳೀತದೆ ಅಂತಲ್ಲ," ಎಂದಳು. "ಅದು ನಮ್ದು ಅಂತ."

ನಾನು ಹಾಕಿದೆ. ಒಣಗಿಸಲು ಎತ್ತಿಡುತ್ತಾಳೆ ಎಂದು ನೋಡಿದರೆ, ತನ್ನ ಪಾಲು ಮುಗಿಸಿ, ಆ ನಾಲ್ಕನೆಯದನ್ನೂ ಬೆರಳಲ್ಲಿ ಬಳಿದು ತಿಂದಳು. ನಾನು ನೋಡುತ್ತಿರುವುದನ್ನು ಕಂಡು, "ಅಂಚೆಗೆ ಹಾಕೂಕೆ ಅದೆಂತ ಮುಂಬೈಲಿ ಅದೆಯಾ?" ಎಂದಳು. ಇಂಥ ಮಾತು ನನ್ನ ಬಾಯಿಗೆ ಯಾಕೆ ಬರುವುದಿಲ್ಲ ಎಂದು ನನಗೆ ಉರಿಯಿತು. ಇಬ್ಬರೂ ಒಂದೇ ಮಗುವನ್ನು ಮಣ್ಣಿಗೆ ಕೊಟ್ಟವರು. ನನ್ನ ಕೈಗೆ ಹತ್ತಿದ್ದು ಬರೀ ಮಣ್ಣು, ಅವಳ ಕೈಗೆ ಬೇರೆ ಏನೋ ಹತ್ತಿತ್ತು.

ಮರುದಿನ, ಇನ್ನು ಮೇಲೆ ಯಾರನ್ನೂ ನಂಬುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡು ಗುಂಡಿಗೆ ಇಳಿದೆ. ತಿಮ್ಮಣ್ಣ ಎಂದಿನ ಹಾಗೆ ಗರಗಸ ಬಿಟ್ಟ. ಸ್ವಲ್ಪ ಹೊತ್ತಿಗೆ ನನಗೆ ಅವ ಬಲಕ್ಕೆ ಹೋಗುತ್ತಿದ್ದಾನೆ ಅನ್ನಿಸಿತು. ನಾನು ಕೆಳಗಿನಿಂದ ಸಣ್ಣಗೆ ಎಡಕ್ಕೆ ಒತ್ತಿದೆ. ಅವ ಮೇಲಿನಿಂದ ಬಲಕ್ಕೆ ತಂದ. ನಾನು ಮತ್ತೆ ಒತ್ತಿದೆ. ಇಬ್ಬರೂ ಮಾತಾಡದೆ ಮಧ್ಯಾಹ್ನದ ತನಕ ಹೀಗೆ ಒಂದೇ ದಿಮ್ಮಿಯೊಳಗೆ ಜಗಳ ಮಾಡಿದೆವು. ಕೊನೆಗೆ ಹಲಗೆ ಕಳಚಿ ಬಿತ್ತು. ತಿಮ್ಮಣ್ಣ ಇಳಿದು ಬಂದು ಅದನ್ನು ನಿಲ್ಲಿಸಿ ನೋಡಿದ.

"ಎಂತದಾ ಇದು? ನಾವು ಕೊಯ್ದದ್ದು ಮರನಾ, ಬೇಡ್ತಿ ಹೊಳೆನಾ?"

"ನೀ ಗೆರೆ ಬಿಟ್ಟೆ ಅಂತ ಕಂಡ್ತು. ಅದಕೇ ಸರಿ ಮಾಡ್ದೆ."

"ಗೆರೆ ಕಂಡ್ತಾ ನಿಂಗೆ? ಕೆಳಗೆ ನಿಂತ್ಕಂಡು? ಎಂತರಲ್ಲಿ, ಹುಡೀಲಾ?" ಅವ ಹಲಗೆಯನ್ನು ಒರಗಿಸಿದ. "ಇಲ್ ಕೇಳು ಇನಾಸ. ನಂಗೆ ನಿನ್ನ ಎಳ್ತ ಬೇಕು, ನಿನ್ನ ಬುದ್ಧಿ ಬ್ಯಾಡ. ಬುದ್ಧಿ ಜಾಸ್ತಿ ಆದ ದಿನ ಹೇಳು, ನೀ ಮೇಲೆ ಹತ್ತು, ನಾ ಕೆಳಗೆ ಇಳೀತೆ."

ಪಾದ್ರಿಗಳು ಅಲ್ಲಿದ್ದಿದ್ದರೆ ಆ ಸೊಟ್ಟ ಹಲಗೆಯಿಂದ ಒಂದು ಭಾನುವಾರದ ಪ್ರಸಂಗ ತೆಗೆಯುತ್ತಿದ್ದರು. ನಾನು ತೆಗೆಯುವುದಿಲ್ಲ. ತಿಮ್ಮಣ್ಣ ದೇವರಲ್ಲ. ನಶ್ಯ ಏರಿಸುತ್ತಾನೆ, ಅವ ಸೀನಿದರೆ ಗರಗಸವೂ ಸೀನುತ್ತದೆ. ಆದರೆ ಅಂದು ಉಳಿದ ಹೊತ್ತೆಲ್ಲ ಸುಮ್ಮನೆ ಎಳೆಯುತ್ತ ಒಂದು ವಿಷಯ ತಲೆಗೆ ಬಂತು. ಇಷ್ಟು ವರ್ಷ ಈ ಮನುಷ್ಯನ ಹಿಮ್ಮಡಿ ಬಿಟ್ಟು ಬೇರೇನೂ ಕಾಣದೆ ನಾನು ಎಳೆದಿದ್ದೇನೆ, ಹಲಗೆ ನೆಟ್ಟಗೆ ಬಂದಿದೆ. ನಂಬಲು ಬರದವ ನಾನು ಎಂದುಕೊಂಡಿದ್ದು ಪೂರಾ ಸರಿಯಲ್ಲ. ಬರುತ್ತದೆ, ಮರದ ಮಟ್ಟಿಗೆ. ರೆಜಿನಾಗೆ ಮಗುವಿನ ಮಟ್ಟಿಗೂ ಬರುತ್ತದೆ. ಇದು ತಿಳಿದದ್ದರಿಂದ ನನಗೇನೂ ಸಮಾಧಾನ ಆಗಲಿಲ್ಲ. ಅವಳಲ್ಲಿ ಇರುವುದು ಎಷ್ಟು ದೊಡ್ಡದು ಎಂಬ ಅಳತೆ ಸಿಕ್ಕಿತು, ಉರಿ ಇನ್ನೂ ಜಾಸ್ತಿಯಾಯಿತು.

ನವೆಂಬರದ ಒಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಗಂಗವ್ವನನ್ನು ಕರೆತಂದೆ. ಗಂಗವ್ವ ಹಾವೇರಿ ಕಡೆಯಿಂದ ಸೊಸೆಯಾಗಿ ಯಲ್ಲಾಪುರಕ್ಕೆ ಬಂದ ಮುದುಕಿ, ನಮ್ಮ ಕೇರಿಯ ಹೆರಿಗೆಗಳೆಲ್ಲ ಅವಳ ಕೈಯಲ್ಲಿ. ನಾನೂ ಒಳಗೆ ಕಾಲಿಟ್ಟದ್ದನ್ನು ನೋಡಿ, "ಗಂಡಸೂರ ಕೆಲಸ ಯಾವಾಗೋ ಮುಗದೈತಿ, ಹೊರಗ ನಿಂದ್ರು," ಎಂದಳು.

ಹಿತ್ತಿಲಲ್ಲಿ ನಿಂತೆ. ಒಳಗಿನಿಂದ ರೆಜಿನಾಳ ಮಾತು ಕೇಳುತ್ತಿತ್ತು. ನೋವಿನ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವನ ಹತ್ತಿರ ಹೇಳುತ್ತಿದ್ದಳು, ಈಗ ಇಲ್ಲಿ ನೋಯ್ತದೆ, ಈಗ ಅಲ್ಲಿ, ನೀ ಇದ್ಯಲ್ವಾ ಎಂದು. ನಿಮಗೆ ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆ ಉರಿಯಿತು. ಗೋಡೆಯ ಈಚೆ ಗಂಡ, ಗೋಡೆಯ ಒಳಗೆ ಅವನು. ಒಂದು ಸಲ, ಒಂದೇ ಒಂದು ಸಲ, ಅವಳು ಅವನನ್ನು ಬಿಟ್ಟು ನನ್ನನ್ನು ಕರೆಯಲಿ ಎಂದುಕೊಂಡೆ. ಮನಸ್ಸಿನಲ್ಲೇ ಅಂದುಕೊಂಡರೂ ಅಂದದ್ದು ಹೌದು.

ಹೊತ್ತು ನೆತ್ತಿಗೆ ಬಂದಾಗ ಒಳಗಿನ ಮಾತು ನಿಂತಿತು. ಬರೀ ನರಳಾಟ ಉಳಿಯಿತು. ಆಮೇಲೆ ಗಂಗವ್ವ ಬಾಗಿಲಿಗೆ ಬಂದಳು. ಅವಳ ಮುಖದ ಮೇಲೆ ಬೆಳಗಿನ ತಮಾಷೆ ಇರಲಿಲ್ಲ.

"ಒಳಗ ಬಾ ತಮ್ಮಾ. ನಿನ್ನ ಕರಿಯಾಕತ್ತಾಳ."

ರೆಜಿನಾಳ ಕೂದಲು ಹಣೆಗೆ ಅಂಟಿತ್ತು. ನನ್ನ ಮಣಿಕಟ್ಟನ್ನು ಹಿಡಿದಳು, ಆ ಹಿಡಿತ ನನ್ನ ಹಿಡಿತಕ್ಕಿಂತ ಗಟ್ಟಿಯಿತ್ತು.

"ಕೇಳ್ತಾ ಇಲ್ಲ," ಎಂದಳು.

"ಯಾರಿಗೆ?"

"ಅವ್ನಿಗೆ. ಯಾವಾಗ್ಲೂ ನಾ ಹೇಳ್ತಿರುವಾಗ ಅಂವ ಕೇಳ್ತಿದ್ದ ಅಂತ ಗೊತ್ತಾಗ್ತಿತ್ತು. ಈಗ ಇಲ್ಲ. ಬರೀ ಗೋಡೆ. ಇದೂ ಹೋಗ್ತದೆ ಕಾಣ್ತದೆ." ಉಸಿರು ಎಳೆದುಕೊಂಡಳು. "ನೀವೇ ಎಂತಾದ್ರೂ ಮಾಡಿ. ನಂಗೆ ಬೇರೆ ಯಾರೂ ಇಲ್ಲ."

ಎರಡು ವರ್ಷ ನಾನು ಕಾದ ಮಾತು ಅದು. ಆ ಜಾಗ ನನಗೆ ಸಿಕ್ಕಿತ್ತು, ಪಟದವನು ಎದ್ದು ಹೋಗಿ ಮಣೆ ಖಾಲಿ ಮಾಡಿಕೊಟ್ಟ ಹಾಗೆ. ಅದರ ಮೇಲೆ ಕೂತು ನೋಡಿದರೆ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಜಡ್ಡುಗಟ್ಟಿದ ಎರಡು ಕೈ, ಒಣಗಿದ ಬಾಯಿ. "ಎಲ್ಲ ಸರಿಯಾಗ್ತದೆ," ಎಂದೆ. ಅವಳು ನನ್ನ ಮುಖ ನೋಡಿದಳು. ನನಗೇ ನಂಬಿಕೆ ಇಲ್ಲ ಎನ್ನುವುದು ಅವಳಿಗೆ ಕಂಡಿತು, ಕಣ್ಣು ಮುಚ್ಚಿದಳು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಗಂಗವ್ವ ನನ್ನನ್ನು ಹೆಗಲು ಹಿಡಿದು ಹೊರಗೆ ದೂಡಿದಳು.

ಸೌದೆ ರಾಶಿಯ ಹತ್ತಿರ ಹೋಗಿ ನಿಂತೆ. ಕೊಂಕಣಿಯ ಪ್ರಾರ್ಥನೆ ಯಾವುದೂ ಬಾಯಿಗೆ ಬರಲಿಲ್ಲ. ಮೊಣಕಾಲೂರಲೂ ಇಲ್ಲ. ಗರಗಸದ ಆಚೆ ತುದಿಯವನ ಹತ್ತಿರ ಮಾತಾಡಿದ ಹಾಗೆ ಮಾತಾಡಿದೆ.

"ನಂಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು, ಅದು ನಿಂಗೆ ಗೊತ್ತದೆ," ಎಂದೆ. "ಅವಳು ನನ್ನ ಕರೀಲಿ ಅಂತ ಕೇಳಿದ್ದು ನಾನೇ. ಅದು ಬ್ಯಾಡ. ನಂಗೆ ಆಗೂ ಕೆಲಸ ಅಲ್ಲ ಅದು. ಮಗು ಕೊಡೂದು ಬಿಡೂದು ಆಮೇಲೆ ನೋಡ್ವ. ಮೊದ್ಲು ನೀ ಒಳಗೆ ಹೋಗು. ಅವಳು ಹೇಳ್ತಾಳೆ, ಕೇಳು. ನಾ ಇಲ್ಲೇ ಹೊರಗೆ ನಿಂತಿರ್ತೆ."

ಅಷ್ಟೇ ಹೇಳಿದ್ದು. ಆಕಾಶ ಹೇಗಿತ್ತೋ ಹಾಗೇ ಇತ್ತು. ಕೋಳಿ ಸೌದೆಯ ಅಡಿಯಲ್ಲಿ ಕೆದಕುತ್ತಿತ್ತು. ನಾನು ನಿಂತೇ ಇದ್ದೆ. ಬಿಸಿಲು ಸೌದೆ ರಾಶಿಯ ಈಚೆಗೆ ಬಂದ ಮೇಲೆ ಒಳಗಿನಿಂದ ಒಂದು ಧ್ವನಿ ಕೇಳಿಸಿತು, ಬಹಳ ಸಣ್ಣದು. ಕಿವಿಗೊಟ್ಟೆ. ರೆಜಿನಾ ಮಾತಾಡುತ್ತಿದ್ದಳು. ಕರೆಯುತ್ತಿದ್ದಾಳೇನೋ ಎಂದು ಒಂದು ಹೆಜ್ಜೆ ಇಟ್ಟೆ. ಕರೆಯುತ್ತಿರಲಿಲ್ಲ. ಈಗ ಇಲ್ಲಿ ನೋಯ್ತದೆ, ಎನ್ನುತ್ತಿದ್ದಳು. ಮಾತು ನನಗಲ್ಲ. ನನಗಲ್ಲ ಎಂದು ತಿಳಿದ ಕೂಡಲೇ ಸೌದೆಯ ಮೇಲೆ ಕೂತುಬಿಟ್ಟೆ. ಹೆಂಡತಿ ಬೇರೆಯವನ ಹತ್ತಿರ ಮಾತಾಡುವುದನ್ನು ಕೇಳಿ ಇಷ್ಟು ಸಂತೋಷಪಟ್ಟ ಗಂಡಸು ಈ ತಾಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮಗು ಅತ್ತದ್ದು ಅದರ ನಂತರ. ಅತ್ತಿತು, ನಿಲ್ಲಿಸಿತು, ಮತ್ತೆ ಅತ್ತಿತು. ಈ ಸಲ ನಿಲ್ಲಿಸಲಿಲ್ಲ. ಹೊರಗೇ ಇರುತ್ತೇನೆ ಎಂದು ಮಾತು ಕೊಟ್ಟಿದ್ದರಿಂದ ನಾನು ಮತ್ತೆ ಎದ್ದು ನಿಂತೆ. ಗಂಗವ್ವ ಬಂದು, "ಹೆಣ್ಣು ಕೂಸು, ಗಟ್ಟಿ ಐತಿ. ಕಟಗಿ ಸಂಗಾಟ ಕಟಗಿ ಆಗಿ ನಿಂತಿಯಲ್ಲೋ, ಒಳಗ ಬಾ," ಎಂದ ಮೇಲೆ ಹೋದೆ.

ಇದು ಕಳೆದ ತಿಂಗಳ ಮಾತು. ಮೊನ್ನೆ ಜಗಲಿಯ ಎಳೆಬಿಸಿಲಿನಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತ ರೆಜಿನಾ ಕೇಳಿದಳು.

"ಆ ದಿನ ಹಿತ್ಲಲ್ಲಿ ಯಾರ ಹತ್ರ ಮಾತಾಡ್ತಾ ಇದ್ರಿ? ನಿನ್ನ ಗಂಡ ಸೌದೆಗೆ ಬುದ್ಧಿ ಹೇಳ್ತಿದ್ದ ಅಂತ ಗಂಗವ್ವ ನಗಾಡ್ತಿದ್ರು."

"ಸುಮ್ನೆ," ಎಂದೆ.

ಅವಳ ಕೈ ನಿಂತಿತು. "ಅವ್ನ ಹತ್ರನಾ?"

ನಾನು ಎಣ್ಣೆಯ ಬಟ್ಟಲನ್ನು ಅವಳ ಹತ್ತಿರ ಸರಿಸಿದೆ.

"ಎಂತ ಹೇಳಿದ್ರಿ?"

"ಅದು ನಮ್ಮಿಬ್ರ ಮಧ್ಯದ್ದು."

"ನಂಗೆ ಹೇಳೂಕಾಗೂದಿಲ್ವಾ?"

ಹೇಳಬಹುದಿತ್ತು. ಆದರೆ ಹೇಳಿದರೆ ಉಳಿಯುವುದಿಲ್ಲ ಅನ್ನಿಸಿತು. ಅವಳಿಗೆ ಅಂಥದ್ದು ಎಷ್ಟೋ ಇದೆ, ನನಗೆ ಇರುವುದು ಅದೊಂದೇ. ತಲೆ ಅಲ್ಲಾಡಿಸಿದೆ. ಅವಳು ನನ್ನನ್ನು ನೋಡಿದಳು, ಆಮೇಲೆ ತಲೆ ತಿರುಗಿಸಿ ಒಳಗಿನ ಗೋಡೆಯ ಪಟದ ಕಡೆಗೂ ಒಂದು ಸಲ ನೋಡಿದಳು. "ಹೌದಾ," ಎಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಅಂದು ಸಂಜೆ ಅವಳು ಪಟದ ಮುಂದೆ ದೀಪ ಹಚ್ಚಿದಳು, ನಮ್ಮಿಬ್ಬರ ಹತ್ತಿರವೂ ಮಾತಾಡಲಿಲ್ಲ.